ಹುಣಸೆಹುಳಿ, ರಂಗೋಲಿ ಪುಡಿ ಮತ್ತು ಸೊಸೆಯ ಬಿಳಿ ಕಾರು

ಹಿತ್ತಾಳೆ ಪಾತ್ರೆ ತಿಕ್ಕುವುದರಲ್ಲಿ ನನಗೆ ಸ್ವಲ್ಪ ಜಂಬವಿದೆ. ಬೇರೆ ಯಾವುದರಲ್ಲೂ ಇಲ್ಲ. ನಾಲ್ಕು ಜನರ ಮುಂದೆ ಮಾತಾಡಲು ಬಾರದು. ಊರಿನ ಶಾಲೆಯಲ್ಲಿ ಏಳನೆಯ ಇಯತ್ತೆಯ ಆಚೆ ಓದಲಿಲ್ಲ. ಲಿಫ್ಟಿನಲ್ಲಿ ಹೊಸಬರು ಯಾರಾದರೂ ಹತ್ತಿದರೆ ಅವರು ಇಳಿಯುವವರೆಗೂ ಗುಂಡಿಗಳನ್ನೇ ನೋಡುತ್ತ ನಿಲ್ಲುವವಳು ನಾನು. ಆದರೆ ಹಬ್ಬದ ಹಿಂದಿನ ದಿನ ದೇವರ ಮನೆಯ ದೀಪ, ತಂಬಿಗೆ, ಗಂಟೆಗಳನ್ನು ಹುಣಸೆಹುಳಿ, ರಂಗೋಲಿ ಪುಡಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿ ತೊಳೆದು ಬಾಲ್ಕನಿಯಲ್ಲಿ ಸಾಲಾಗಿ ಇಟ್ಟೆನೆಂದರೆ, ಎದುರು ಬಿಲ್ಡಿಂಗಿನವರು ನೋಡಲಿ ಎಂದು ಸುಮ್ಮನೆ ಎರಡು ಸಲ ಹೊರಗೆ ಹೋಗಿ ಬರುತ್ತೇನೆ. ಮನುಷ್ಯರಿಗೆ ಕೆಡುಕಾಗುವುದು ತಮಗೆ ಬಾರದ ಕೆಲಸದಿಂದಲ್ಲ, ಚೆನ್ನಾಗಿ ಬರುವ ಕೆಲಸದಿಂದ ಎಂದು ಈಗ ನನಗೆ ಅನ್ನಿಸುತ್ತಿದೆ.

ಅದಿತಿ, ರೋಹನ್, ನಮ್ಮ ಮನೆಗೆ ಯಾರೇ ಬರಲಿ, ಚಹಾದ ಕಪ್ಪು ಕೈಗೆ ಬರುವ ಮೊದಲೇ ನೀವು ಅವರಿಗೆ ‘ಅಜ್ಜಿ ಕಾರು ತಿಕ್ಕಿದ ಕಥೆ’ ಹೇಳಿಬಿಡುತ್ತೀರಿ. ರೋಹನ್ ಅಂತೂ ನನ್ನ ಕೈಯಲ್ಲಿ ಹುಣಸೆಹಣ್ಣು ಕಂಡರೆ ಸಾಕು, ತನ್ನ ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಓಡುತ್ತಾನೆ. ಎಲ್ಲರೂ ನಗುತ್ತಾರೆ, ನಾನೂ ನಗುತ್ತೇನೆ, ನಕ್ಕು ಅಡುಗೆಮನೆಗೆ ಹೋಗುತ್ತೇನೆ. ನೀವು ಹೇಳುವುದರಲ್ಲಿ ಸುಳ್ಳೇನೂ ಇಲ್ಲ. ಆದರೆ ನಿಮ್ಮ ಕಥೆ ತಿಕ್ಕುವಲ್ಲಿಂದ ಶುರುವಾಗುತ್ತದೆ. ಯಾಕೆ ತಿಕ್ಕಿದಳು ಎಂದು ನೀವು ಕೇಳಲಿಲ್ಲ, ನನಗೂ ಬಾಯಿಬಿಟ್ಟು ಹೇಳಲಾಗಲಿಲ್ಲ. ಬರೆಯುವಾಗ ಯಾರೂ ನನ್ನ ಮುಖ ನೋಡುತ್ತಿರುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಭಾನುವಾರಗಳಲ್ಲಿ ಕಿವಿ ಹಿಂಡಿ ನಿಮಗೆ ಕನ್ನಡ ಅಕ್ಷರ ಕಲಿಸಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ.

ನಿಮ್ಮ ಅಮ್ಮ ಸುಪ್ರಿಯಾ ಮನೆಮನೆಗೆ ಹೋಗಿ ಕೈಕಾಲು ಮುರಿದವರಿಗೆ, ಲಕ್ವ ಹೊಡೆದವರಿಗೆ ವ್ಯಾಯಾಮ ಮಾಡಿಸುವವಳು. ಮಳೆಯಲ್ಲೂ ಬಿಸಿಲಲ್ಲೂ ಬೆನ್ನಿಗೆ ಚೀಲ ಏರಿಸಿಕೊಂಡು ಈ ಮರಾಠಿ ಊರಿನ ನಮ್ಮ ಕೋಥರೂಡ ಬಡಾವಣೆಯ ಗಲ್ಲಿಗಳಲ್ಲಿ ಸ್ಕೂಟರು ಓಡಿಸಿ ಓಡಿಸಿ, ಕಡೆಗೆ ಅವಳಿಗೇ ಬೆನ್ನುನೋವು ಬಂತು. ಆಗ ಕಾರು ಕೊಂಡಳು. ಅವಳೇ ದುಡಿದು ಕೊಂಡದ್ದು, ಅವಳೇ ಆರಿಸಿದ್ದು. ಬಿಳಿ ಬಣ್ಣಕ್ಕೆ ಬೇಗ ಕೊಳೆಯಾಗುತ್ತದೆ ಎಂದು ನಿಮ್ಮ ಅಪ್ಪ ಅಂದದ್ದಕ್ಕೆ, “ಕೊಳೆ ಆದ್ರೆ ತೊಳಿಲಿಕ್ಕೆ ಆಗ್ತದಲ್ಲ ಮಾರಾಯ್ರೆ” ಎಂದು ಬಾಯಿ ಮುಚ್ಚಿಸಿದಳು. ಅವಳ ತವರಿನವರು ಉಡುಪಿಯ ಕಡೆಯವರು, ಇಲ್ಲಿ ಹೊಟೇಲು ನಡೆಸುವವರು. ಅವರ ಮಾತು ಕೇಳಲು ಮೆತ್ತಗಿರುತ್ತದೆ, ಆದರೆ ಮಾತು ಮುಗಿದಾಗ ಗೆದ್ದವರು ಅವರೇ ಆಗಿರುತ್ತಾರೆ.

ಕಾರು ಬಂದ ಮೇಲೆ ಬಂದದ್ದು ಖಂಡೇ ನವಮಿ, ಆಯುಧಪೂಜೆಯ ದಿನ. ನಿಮ್ಮ ಅಜ್ಜ ಇದ್ದಾಗ ಆ ದಿನ ನಮ್ಮ ಮನೆಯಲ್ಲಿ ದೊಡ್ಡ ಸಂಭ್ರಮ. ದೇಹೂ ರೋಡಿನ ಸರ್ಕಾರಿ ಉಗ್ರಾಣದಲ್ಲಿ ಅವರ ನೌಕರಿ. ಸ್ಕ್ರೂಡ್ರೈವರಿನಿಂದ ಹಿಡಿದು ನನ್ನ ಈಳಿಗೆಯವರೆಗೆ ಮನೆಯ ಕಬ್ಬಿಣವನ್ನೆಲ್ಲ ಮಣೆಯ ಮೇಲೆ ಜೋಡಿಸಿ, ಪಕ್ಕದಲ್ಲಿ ಸೈಕಲ್ಲನ್ನೂ ನಿಲ್ಲಿಸಿ, “ಹಚ್ಚು ಇನ್ನ” ಎಂದು ನನಗೆ ಹೇಳುತ್ತಿದ್ದರು. ಅರಿಷಿಣ ಕುಂಕುಮ ಹಚ್ಚುವ ಕೆಲಸ ನನ್ನದು. ಅವರು ಹೋದ ಮೇಲೆ ಆ ತಟ್ಟೆ ನನ್ನ ಕೈಯಿಂದ ಹೋಯಿತು. ಕಸಿದುಕೊಂಡವರು ಯಾರೂ ಇಲ್ಲ. ಬಾರಾಮತಿಯಲ್ಲಿ ಮಗನ ಮನೆಯಲ್ಲಿರುವ ಅಜ್ಜನ ಅಕ್ಕ, ನಿಮ್ಮ ಸರಸಜ್ಜಿ, ಒಂದು ಮದುವೆಯಲ್ಲಿ ನಾನು ಆರತಿಯ ಹತ್ತಿರ ನಿಂತಿದ್ದಾಗ ಬಂದು ನನ್ನ ಸೆರಗನ್ನು ಹೆಗಲ ಮೇಲೆ ಸರಿಮಾಡುತ್ತ, “ನೀ ಇನ್ನ ಮುಂದ ನಿಂದರಬ್ಯಾಡವಾ, ಒಳಗ ಕೂಡು” ಅಂದರು. ಬೈಯಲಿಲ್ಲ. ಬೈದಿದ್ದರೆ ಮರೆಯಬಹುದಿತ್ತು. ಅಂದಿನಿಂದ ನಮ್ಮ ಬಿಲ್ಡಿಂಗಿನ ಹೆಂಗಸರು ಸಂಕ್ರಾಂತಿಯ ಅರಿಷಿಣ ಕುಂಕುಮಕ್ಕೆ ಬಂದರೆ ನಾನು ಒಳಗೆ ಕೂತು ಎಳ್ಳುಂಡೆ ಕಟ್ಟುತ್ತೇನೆ. ಉಂಡೆ ಚೆನ್ನಾಗಿ ಬರುತ್ತವೆ.

ಆ ನವಮಿಯ ಬೆಳಿಗ್ಗೆ ಕೆಳಗೆ ಪಾರ್ಕಿಂಗಿನಲ್ಲಿ ಸುಪ್ರಿಯಾ ತಟ್ಟೆ ತಂದು ಸೀದಾ ನನ್ನ ಮುಂದೆ ಹಿಡಿದಳು. ನೀವಿಬ್ಬರೂ ಫೋಟೋ ತೆಗೆಯುವುದರಲ್ಲಿ ಇದ್ದಿರಿ.

“ಅತ್ತೆ, ನೀವೇ ಹಚ್ಚಿ.”

“ನಾ ಬ್ಯಾಡವಾ. ನಿನ್ನ ಗಾಡಿ, ನೀ ಹಚ್ಚು.”

“ನನಗೆ ಸ್ವಸ್ತಿಕ ಬಿಡಿಸ್ಲಿಕ್ಕೆ ಬರುದಿಲ್ಲ. ಕಳೆದ ಸಲ ಸ್ಕೂಟರಿಗೆ ಬಿಡಿಸಿದ್ದು ಫ್ಯಾನಿನ ಹಾಗೆ ಆಗಿತ್ತು.”

“ಯಾರರೇ ನೋಡಿದ್ರ...”

“ನೋಡ್ಲಿ. ಕಾರು ನಂದಲ್ವಾ?”

ತಟ್ಟೆ ತೆಗೆದುಕೊಂಡೆ. ಇಲ್ಲಿ ನನ್ನ ಮೊದಲನೆಯ ತಪ್ಪು. ಉಳಿದವರೆಲ್ಲ ತಮ್ಮ ತಮ್ಮ ಕಾರಿಗೆ ಒಂದು ಬೊಟ್ಟು ಇಟ್ಟು, ಹೂವಿನ ಹಾರ ಹಾಕಿ, ನಿಂಬೆಹಣ್ಣು ಚಕ್ರದ ಕೆಳಗೆ ಇಟ್ಟು ಹೋದರು. ನನಗೆ ಒಂದು ಬೊಟ್ಟು ಸಾಲಲಿಲ್ಲ. ಎಷ್ಟೋ ವರ್ಷದ ಮೇಲೆ ಕೈಗೆ ಕುಂಕುಮ ಹತ್ತಿದೆ, ಬೇಗ ಅಳಿಸಿಹೋದೀತು ಎಂಬ ಆಸೆಬುರುಕತನದಿಂದ ಮೇಲೆ ಓಡಿಹೋಗಿ ಎಳ್ಳೆಣ್ಣೆ ತಂದು ಅರಿಷಿಣವನ್ನು ಅದರಲ್ಲಿ ಗಟ್ಟಿಯಾಗಿ ಕಲಸಿದೆ. ಬಾನೆಟ್ಟಿನ ನಡುವೆ ರೊಟ್ಟಿಯಷ್ಟು ಅಗಲಕ್ಕೆ ಸಾರಿಸಿದೆ. ಅದರ ಮೇಲೆ ಕುಂಕುಮವನ್ನೂ ಎಣ್ಣೆಯಲ್ಲಿ ಕಲಸಿ ಸ್ವಸ್ತಿಕ, ಸ್ವಸ್ತಿಕದ ನಾಲ್ಕು ಮೂಲೆಗೆ ಚುಕ್ಕಿ, ಕೆಳಗೆ ಒಂದು ಗೆರೆ. ಅಂದ ಹಾಗೆ, ಗೆರೆ ನೆಟ್ಟಗಿತ್ತು. ಸುಪ್ರಿಯಾ ನೋಡಿ, “ಅಬ್ಬ, ಇದು ಎಷ್ಟು ಚಂದ ಉಂಟು!” ಅಂದಳು. ನನಗೆ ಅವತ್ತು ಊಟ ಸೇರಲಿಲ್ಲ, ಖುಷಿಗೂ ಹಾಗಾಗುತ್ತದೆ.

ಮುಂದಿನ ವಾರ ಸುಪ್ರಿಯಾ ಕಾರನ್ನು ಹಿಂದಕ್ಕೆ ತೆಗೆಯುವಾಗ ಪಾರ್ಕಿಂಗಿನ ಕಂಬಕ್ಕೆ ಪಕ್ಕದ ಕನ್ನಡಿ ತಾಗಿ ಒಡೆಯಿತು. ಅವಳು ನಗುತ್ತಲೇ ಮೇಲೆ ಬಂದು, “ಕಂಬಕ್ಕೆ ಎಂತ ಆಗಿಲ್ಲ, ನಾನು ನೋಡಿ ಬಂದೆ” ಎಂದಳು. ನೀವೆಲ್ಲ ನಕ್ಕಿರಿ. ನಾನು ಮಾತ್ರ ನನ್ನ ಅಂಗೈ ನೋಡಿಕೊಂಡೆ. ಹಚ್ಚಿದ ಕೈ ಯಾವುದು? ನನ್ನದು. ಕನ್ನಡಿಗೆ ಆದದ್ದು ನಾಳೆ ಅವಳಿಗೇ ಆದರೆ? ಓದಿದವರ ಮನೆಯಲ್ಲಿ ಕೂತು ಇಂಥ ಯೋಚನೆ ಮಾಡುತ್ತೇನೆ ಎಂಬ ನಾಚಿಕೆ ಒಂದು ಕಡೆ, ಯೋಚನೆ ಬಿಡುತ್ತಿಲ್ಲ ಎಂಬ ಭಯ ಇನ್ನೊಂದು ಕಡೆ.

ಅದೇ ಹೊತ್ತಿಗೆ ಕಾರು ತೊಳೆಯುವವನು ಬಾನೆಟ್ಟು ತೊಳೆದ. ಉಳಿದವರ ಬೊಟ್ಟುಗಳೆಲ್ಲ ಒಂದು ಒದ್ದೆ ಬಟ್ಟೆಗೆ ಹೋದವು. ನನ್ನದು ಹೋಗಲಿಲ್ಲ. ಸ್ವಸ್ತಿಕದ ಆಕಾರ ಅಳಿಸಿ, ಹಳದಿ ಕಲೆಯೊಂದು, ಅದರೊಳಗೆ ಗುಲಾಬಿ ಬಣ್ಣದ ನರಗಳಂಥ ಗೆರೆಗಳು, ಎಣ್ಣೆಯ ಜೊತೆ ಮೈಗೆ ಇಳಿದು ಕೂತಿದ್ದವು. ಸುಪ್ರಿಯಾ, “ಹೋಗ್ತದೆ ನಿಧಾನಕ್ಕೆ” ಅಂದಳು. ಧೂಳು ಕೂರುತ್ತದೆ ಎಂದು ನೆಪ ಹೇಳಿ ನಾನು ಕಾರಿಗೆ ಕವರು ಹಾಕಿಸಿದೆ. ಅವಳು ಕೆಲಸದಿಂದ ಬಂದು ಕಾರು ನಿಲ್ಲಿಸಿದಳೆಂದರೆ ತರಕಾರಿಯ ನೆಪದಲ್ಲಿ ಕೆಳಗಿಳಿದು ನಾನೇ ಕವರು ಎಳೆದು ಬರುತ್ತಿದ್ದೆ. ಶಾಲೆಯಲ್ಲಿ ಒಮ್ಮೆ ಮಸಿದಾನಿ ಮಗುಚಿ ಲಂಗದ ಮೇಲೆ ಬಿದ್ದಾಗ ಮಾಸ್ತರರಿಗೆ ಕಾಣಬಾರದೆಂದು ದಿನವಿಡೀ ಅದರ ಮೇಲೆ ಅಂಗೈ ಒತ್ತಿ ಕೂತಿದ್ದೆ. ಸಂಜೆ ಎದ್ದಾಗ ಮಸಿ ಲಂಗದ ಮೇಲೂ ಇತ್ತು, ಕೈಯಲ್ಲೂ ಇತ್ತು, ಯೋಚನೆ ಮಾಡುತ್ತ ಗದ್ದಕ್ಕೆ ಕೈ ಕೊಟ್ಟಿದ್ದರಿಂದ ಗದ್ದದ ಮೇಲೂ ಇತ್ತು. ಅಷ್ಟು ಕಲಿತರೂ ಬುದ್ಧಿ ಬರಲಿಲ್ಲ ನೋಡಿ.

ಕಲೆ ಎನ್ನುವುದು ವಿಚಿತ್ರ ವಸ್ತು. ನೇರಳೆಹಣ್ಣಿನ ಕಲೆ, ಬಾಳೆಗೊನೆಯ ಕಲೆ, ಗೇರುಕಾಯಿ ಸೊನೆಯ ಕಲೆ, ಒಂದೊಂದಕ್ಕೂ ಒಂದೊಂದು ಸ್ವಭಾವ. ಕೆಲವು ನೀರಿಗೆ ಹೆದರುತ್ತವೆ, ಕೆಲವು ಹುಳಿಗೆ, ಕೆಲವು ಯಾವುದಕ್ಕೂ ಹೆದರದೆ ಬಟ್ಟೆ ಹರಿಯುವವರೆಗೆ ಜೊತೆಗಿರುತ್ತವೆ. ಗಣಪತಿಯನ್ನು ನೋಡಿ ನಕ್ಕದ್ದಕ್ಕೆ ಚಂದ್ರನಿಗೆ ಕಲೆ ಬಂತು ಎನ್ನುತ್ತಾರೆ. ಆ ಕಲೆಯನ್ನು ಇಷ್ಟು ಕಾಲ ಎಲ್ಲರೂ ನೋಡಿ ಸುಮ್ಮನಿದ್ದಾರೆ. ಸದ್ಯ, ಚಂದ್ರ ನನ್ನ ಕೈಗೆ ಎಟುಕುವಂತಿಲ್ಲ. ಎಟುಕಿದ್ದರೆ ನಿಮಗೆಲ್ಲ ಹುಣ್ಣಿಮೆಯೇ ಇರುತ್ತಿರಲಿಲ್ಲ.

ದೀಪಾವಳಿಗೆ ಬರುತ್ತೇನೆಂದು ಸರಸಕ್ಕನ ಫೋನು ಬಂತು. “ಸೊಸಿ ಗಾಡಿ ತಗೊಂಡಾಳಂತಲ್ಲ. ಪೂಜಾ ಯಾರು ಮಾಡಿದ್ರು?” ಎಂದು ಕೇಳಿದರು. “ಆತ್ರಿ ಅಕ್ಕಾ, ಚಲೋ ಆತು” ಎಂದು ಮಾತು ತಿರುಗಿಸಿದೆ. ಫೋನು ಇಟ್ಟ ಮೇಲೆ ಲೆಕ್ಕ ಹಾಕಿದೆ. ಆ ಕಲೆ ನೋಡಿದರೆ ಅವರು ಕೇಳುತ್ತಾರೆ. ಕೇಳಿದರೆ ಸುಪ್ರಿಯಾ ಇದ್ದದ್ದು ಇದ್ದಹಾಗೆ ಹೇಳುತ್ತಾಳೆ. ಕನ್ನಡಿ ಒಡೆದದ್ದೂ ಬಾಯಿಗೆ ಬರುತ್ತದೆ. ಆಮೇಲೆ ಆ ತಟ್ಟೆ ಇನ್ನೊಂದು ಸಲ ನನ್ನ ಕೈಗೆ ಬರುವುದಿಲ್ಲ. ಬಂದರೂ ಹಿಡಿಯುವ ಧೈರ್ಯ ನನಗೇ ಇರುವುದಿಲ್ಲ. ಇದೇ, ಮಕ್ಕಳೇ, ನಿಮ್ಮ ಕಥೆಯಲ್ಲಿ ಇಲ್ಲದ ಸಂಗತಿ. ನಾನು ಉಜ್ಜಲು ಹೊರಟದ್ದು ಕಾರನ್ನಲ್ಲ.

ಸುಪ್ರಿಯಾಳ ತವರಿನವರ ಹೊಟೇಲಿನಲ್ಲಿ ಪೂಜೆಯೆಂದು ಅವಳೂ ನಿಮ್ಮಪ್ಪನೂ ಸ್ಕೂಟರಿನಲ್ಲಿ ಹೋದ ದಿನ. ನೀವು ಶಾಲೆಯಲ್ಲಿ. ಮಧ್ಯಾಹ್ನ ಬಿಲ್ಡಿಂಗೆಲ್ಲ ಮಲಗಿದ ಹೊತ್ತಿಗೆ ಸ್ಟೀಲು ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೆಳಗಿಳಿದೆ. ವಾಚಮನ್ ಕುರ್ಚಿಯಿಂದಲೇ, “ಆಜಿ, ಕಾಯ ಕರತಾಯ?” ಎಂದು ಕೇಳಿದ, ಅಜ್ಜಿ, ಏನು ಮಾಡುತ್ತಿದ್ದೀರಿ ಎಂದು. “ಕಾಹೀ ನಾಹೀ” ಅಂದೆ. ಏನೂ ಇಲ್ಲ ಎನ್ನುವವಳ ಇನ್ನೊಂದು ಕೈಯಲ್ಲಿ ನೀರಿನ ಬಕೆಟ್ಟಿತ್ತು.

ಮೊದಲು ಬಟ್ಟೆ ಸೋಪು ಹಚ್ಚಿದೆ. ಹಳದಿ ಕಲೆ ಕಣ್ಣೆದುರಿಗೇ ಕೆಂಪಾಯಿತು. ಅರಿಷಿಣಕ್ಕೆ ಸೋಪು ತಾಗಿದರೆ ಕೆಂಪಾಗುತ್ತದೆಂದು ಹುಟ್ಟಿದಾಗಿನಿಂದ ಬಲ್ಲೆ. ಆದರೂ ಬಾನೆಟ್ಟಿನ ಮೇಲೆ ರಕ್ತದಂತೆ ಕಂಡಾಗ ಎರಡು ಹೆಜ್ಜೆ ಹಿಂದೆ ಸರಿದೆ. ಗಡಿಬಿಡಿಯಲ್ಲಿ ಹುಣಸೆಹುಳಿ ಬಳಿದೆ. ಕೆಂಪು ಹೋಗಿ ಮತ್ತೆ ಹಳದಿಯಾಯಿತು. ಇಷ್ಟು ಮಾತು ಕೇಳುತ್ತದೆ ಎಂದರೆ ಇನ್ನು ಇದು ನನ್ನ ಕೈಯಲ್ಲಿದೆ ಎಂದುಕೊಂಡು ರಂಗೋಲಿ ಪುಡಿ ಸುರಿದು ನಾರು ಹಿಡಿದೆ. ಕಿರ್ ಕಿರ್ ಎಂಬ ಸದ್ದು ನನಗೆ ಬಹಳ ಪರಿಚಯದ್ದು, ಧೈರ್ಯ ಕೊಡುವ ಸದ್ದು. ಹಿತ್ತಾಳೆಯಂತೆಯೇ ತಿಕ್ಕಿದೆ, ಗುಂಡಗುಂಡಗೆ, ಅಂಚಿನಿಂದ ನಡುವಿಗೆ. ನೀರು ಸುರಿದಾಗ ಕಲೆ ಮಾಯ! ಒದ್ದೆ ಬಾನೆಟ್ಟು ಥಳಥಳ ಹೊಳೆಯುತ್ತಿತ್ತು. ಕಲೆಯ ಜೊತೆ ಬೇರೆ ಏನೇನೋ ಹೋಯಿತೆಂಬಂತೆ ಹಗುರಾಗಿ ಮೇಲೆ ಬಂದು ಶುಂಠಿ ಹಾಕಿ ಚಹಾ ಮಾಡಿಕೊಂಡು ಕುಡಿದೆ. ಗೀರುಗಳು ಒದ್ದೆಯಿರುವಾಗ ಕಾಣುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲ.

ಸಂಜೆ ಸುಪ್ರಿಯಾ ಕೆಳಗಿನಿಂದ ಫೋನು ಮಾಡಿ ಕರೆದಳು. ಒಣಗಿದ ಬಾನೆಟ್ಟಿನ ನಡುವೆ ಹಳದಿ ಇರಲಿಲ್ಲ ನಿಜ. ಅದರ ಜಾಗದಲ್ಲಿ ಕಣ್ಣಿಗೆ ಪೊರೆ ಬಂದಂತೆ ಮಂಕಾದ ದೊಡ್ಡದೊಂದು ಗುಂಡು, ತುಂಬ ಗೀರು, ಗೀರಿನೊಳಗೆ ಗುಲಾಬಿ ಬಣ್ಣ. ಅವಳು ಬೆರಳಿನಿಂದ ಮುಟ್ಟಿ ನೋಡಿದಳು.

“ಅತ್ತೆ, ಎಂತ ಹಾಕಿದ್ದು ಇದಕ್ಕೆ?”

“ಹುಣಸಿಹುಳಿ.”

“ಮತ್ತೆ?”

“ರಂಗೋಲಿ ಪುಡಿ.”

“ಮತ್ತೆ?”

“ನಾರು.”

ಅವಳು ಬೆರಳು ಒರೆಸಿಕೊಂಡಳು. ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಹೋದಳು. ಊಟಕ್ಕೆ ಕೂತಾಗ ತಾಟುಗಳನ್ನು ಸದ್ದು ಮಾಡಿ ಇಟ್ಟಳು. ಆದರೆ ರೊಟ್ಟಿಯನ್ನು ಎಂದಿನಂತೆ ಮೊದಲು ನನ್ನ ತಾಟಿಗೇ ಹಾಕಿದಳು. ಹಾಕದೆ ಬಿಟ್ಟಿದ್ದರೆ ಎಷ್ಟೋ ವಾಸಿಯಿತ್ತು. ನಿಮ್ಮಪ್ಪ, “ಅವ್ವಾ, ಹೋಗ್ಲಿ ಬಿಡು” ಅಂದದ್ದು ಇನ್ನೂ ಕೆಟ್ಟದಾಯಿತು.

ಮಾರನೆಯ ದಿನ ಕಾರನ್ನು ಪಾಲಿಶ್ ಮಾಡುವವರ ಹತ್ತಿರ ಒಯ್ಯುವಾಗ, “ನೀವೂ ಬನ್ನಿ” ಎಂದು ಕರೆದುಕೊಂಡು ಹೋದಳು. ಶಿಕ್ಷೆ ಎಂದುಕೊಂಡೇ ಹತ್ತಿ ಕೂತೆ. ಅಲ್ಲಿಯ ಗೃಹಸ್ಥ ಬಾನೆಟ್ಟಿನ ಮೇಲೆ ಬಗ್ಗಿ ನೋಡಿ, “ಕಶಾನೆ ಘಾಸಲಂ ಹೇ?” ಎಂದ, ಯಾವುದರಿಂದ ತಿಕ್ಕಿದ್ದೀರಿ ಇದನ್ನು ಎಂದು. ನಾನು ನನ್ನ ಚಪ್ಪಲಿ ನೋಡುತ್ತಿದ್ದೆ. ಸುಪ್ರಿಯಾ ಹಿಂದೆಮುಂದೆ ನೋಡದೆ, “ಮೀಚ ಘಾಸಲಂ. ಚೂಕ ಝಾಲೀ” ಎಂದಳು. ನಾನೇ ತಿಕ್ಕಿದೆ, ತಪ್ಪಾಯಿತು ಎಂದು! ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, ಓದಿದವರು ಹೀಗೂ ಮಾಡುತ್ತಾರಾ ಎಂಬಂತೆ ನಕ್ಕ. ಅದು ನನ್ನ ಪಾಲಿನ ನಗು. ಅವಳು ತೆಗೆದುಕೊಂಡಳು, ನಾನು ತೆಗೆದುಕೊಳ್ಳಲು ಬಿಟ್ಟೆ. ಇಡೀ ಪ್ರಕರಣದಲ್ಲಿ ನನಗೆ ಎಲ್ಲಕ್ಕಿಂತ ನಾಚಿಕೆಯಾಗುವುದು ಇದಕ್ಕೇ.

ಕಾರಿನ ಬಣ್ಣದ ಮೇಲೆ ಗಾಜಿನಂಥ ತೆಳು ಪದರ ಒಂದಿರುತ್ತದಂತೆ. ಹೊಳಪೆಲ್ಲ ಅದರದು. ನಾನು ತಿಕ್ಕಿದ್ದು ಆ ಪದರವನ್ನು. ಗೀರು ತೆಗೆಯಲು ಅವರು ಹಚ್ಚುವ ಪೇಸ್ಟೂ ತಿಕ್ಕುವುದೇ, ಆದರೆ ಬಹಳ ನಯವಾಗಿ. ಗೀರು ಎಷ್ಟು ಆಳವೋ ಸುತ್ತಲಿನ ಜಾಗವನ್ನೂ ಅಷ್ಟಕ್ಕೆ ಇಳಿಸುತ್ತಾರೆ. ಕಲೆ ಹೋಗುವುದೆಂದರೆ ಅಕ್ಕಪಕ್ಕದ್ದೂ ಸ್ವಲ್ಪ ಸವೆಯುವುದು ಎಂದು ನನಗೆ ಅರ್ಥವಾಯಿತು. ಗುಲಾಬಿ ಬಣ್ಣ ಹೋಯಿತು, ಸಣ್ಣ ಗೀರು ಹೋದವು; ಇನ್ನು ತಿಕ್ಕಿದರೆ ಕೆಳಗಿನ ಬಣ್ಣವೇ ಬಿಡುತ್ತದೆ, ಬೇಕಾದರೆ ಬಾನೆಟ್ಟಿಗೆಲ್ಲ ಹೊಸ ಬಣ್ಣ ಹೊಡೆಯಬಹುದು ಎಂದ. “ಇರ್ಲಿ, ಹೀಗೇ ಇರ್ಲಿ” ಅಂದಳು ಸುಪ್ರಿಯಾ. ಮಂಕು ಗುಂಡು ಉಳಿಯಿತು.

ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ಅವಳು ಕೇಳಿದಳು, “ಯಾಕೆ ಅತ್ತೆ? ನನ್ನ ಹತ್ರ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?” ಕನ್ನಡಿ ಒಡೆದದ್ದು, ನನ್ನ ಕೈ, ಸರಸಕ್ಕ ಎಲ್ಲವನ್ನೂ ಹೇಳಿದೆ. ದೀಪ ಹಸಿರಾದರೂ ಅವಳು ಹೊರಡಲಿಲ್ಲ. ಹಿಂದಿನವರು ಹಾರ್ನು ಹೊಡೆಯತೊಡಗಿದರು.

“ಆ ಕಂಬಕ್ಕೆ ಗುದ್ದದವರು ನಮ್ಮ ಬಿಲ್ಡಿಂಗಲ್ಲಿ ಯಾರಿದ್ದಾರೆ ಹೇಳಿ. ಅವರ ಕಾರಿಗೆಲ್ಲ ನೀವೇ ಹೋಗಿ ಕುಂಕುಮ ಹಚ್ಚಿದ್ರಾ?”

ನನಗೆ ನಗು ಬಂತು. ಅವಳು ನಗಲಿಲ್ಲ. “ನನ್ನ ಸಿಟ್ಟು ಹೋಗ್ಲಿಲ್ಲ, ಆಯ್ತಾ? ಹೊಸ ಕಾರು ಅತ್ತೆ ಅದು” ಎಂದು ಗೇರು ಹಾಕಿದಳು. ಅವಳ ಕಣ್ಣಲ್ಲಿ ನೀರಿತ್ತು. ನನಗಾಗಿಯೋ ಕಾರಿಗಾಗಿಯೋ ಕೇಳಲಿಲ್ಲ. ಎರಡಕ್ಕೂ ಅವಳಿಗೆ ಹಕ್ಕಿತ್ತು.

ಆ ದಿನದಿಂದ ಕಾರನ್ನು ಕವರಿಲ್ಲದೆ ಗೇಟಿನ ಹತ್ತಿರ ಬಿಸಿಲಲ್ಲಿ ನಿಲ್ಲಿಸತೊಡಗಿದಳು. ಗಾಜಿನ ಬುಡದಲ್ಲಿ ನಾನು ಕಾಣದೆ ಬಿಟ್ಟಿದ್ದ ಹಳದಿ ಹನಿಗಳು ಕೆಲವು ಇದ್ದವು. ಕೆಲವೇ ದಿನಗಳಲ್ಲಿ ಅವು ಬಿಳಿಚಿಕೊಂಡು, ಆಮೇಲೆ ಕಾಣಲೇ ಇಲ್ಲ. ಯಾರೂ ಮುಟ್ಟಿರಲಿಲ್ಲ. ನಾನು ಅಲ್ಲೇ ನಿಂತು ಹಣೆ ಚಚ್ಚಿಕೊಂಡೆ. ಅರಿಷಿಣದ ಕಲೆಯಾದ ಸೀರೆಯನ್ನು ಜೀವಮಾನವಿಡೀ ಬಿಸಿಲಿಗೆ ಹಾಕಿಯೇ ಸ್ವಚ್ಛ ಮಾಡಿಕೊಂಡವಳು ನಾನು! ಬಿಸಿಲು ತಾನಾಗಿ ಮಾಡುವ ಕೆಲಸಕ್ಕೆ ಕವರು ಅಡ್ಡ ಹಾಕಿ, ಕಲೆಯನ್ನು ಜೋಪಾನ ಮಾಡಿ, ಆಮೇಲೆ ಕಲ್ಲಿನ ಪುಡಿ ಹಾಕಿ ತಿಕ್ಕಿದ್ದೆ.

ದೀಪಾವಳಿಗೆ ಸರಸಕ್ಕ ಬಂದರು. ಆಟೋದಿಂದ ಇಳಿದವರ ಕಣ್ಣು ಮೊದಲು ಹೋದದ್ದು ಕಾರಿನ ಮೇಲೆ; ಅಲ್ಲಿಂದ ಬಾನೆಟ್ಟಿನ ಮೇಲೆ.

“ಏನವಾ ಇದು, ಹೊಸಾ ಗಾಡಿಗೆ ಹಿಂಗ್ಯಾಕ ಆಗೇದ?”

ಸುಪ್ರಿಯಾ ಮುಂದೆ ಬಂದು, “ಅದು ನಾನೇ ದೊಡ್ಡತ್ತೆ, ತೊಳೆಯುವಾಗ...” ಎಂದು ಶುರುಮಾಡಿದಳು. ಆಗ ನನ್ನ ಬಾಯಿಂದ ಮಾತು ಬಂತು. ಎಲ್ಲಿಂದ ಬಂತೋ ತಿಳಿಯದು.

“ಅಕಿ ಅಲ್ರಿ ಅಕ್ಕಾ, ನಾನ. ಪೂಜಾ ಮಾಡಿದಾಕಿನೂ ನಾನ, ತಿಕ್ಕಿದಾಕಿನೂ ನಾನ.”

“ಪೂಜಾ ನೀ ಮಾಡಿದಿ?”

“ಹೂಂರಿ.”

ಅವರು ಕಾರನ್ನೊಮ್ಮೆ ನನ್ನನ್ನೊಮ್ಮೆ ನೋಡಿ ಮೆಲ್ಲಗೆ, “ಅದಕ್ಕ ಹಿಂಗಾತು ನೋಡು” ಅಂದರು.

“ಇಲ್ರಿ ಅಕ್ಕಾ. ರಂಗೋಲಿ ಪುಡಿ ಹಾಕಿ ತಿಕ್ಕಿದ್ದಕ್ಕ ಹಿಂಗಾತು. ಪೂಜಾ ಚಲೋ ಆಗಿತ್ತು.”

ಮದುವೆಯಾಗಿ ಬಂದಾಗಿನಿಂದ ಅವರ ಮಾತಿಗೆ ನಾನು ಎದುರು ಆಡಿದ್ದು ಇದೇ ಮೊದಲು. ಸೆರಗನ್ನು ಹೆಗಲ ಮೇಲೆ ನಾನೇ ಸರಿಮಾಡಿಕೊಂಡೆ. ಸರಸಕ್ಕ ಬಾನೆಟ್ಟಿನ ಮೇಲೆ ಉಗುರು ಆಡಿಸಿ, “ರಂಗೋಲಿ ಅಂದ್ರ ಕಲ್ಲಲ್ಲೇನ? ಭಾಳ ಶಾಣ್ಯಾಕಿ” ಎಂದು ಗೊಣಗುತ್ತ ಲಿಫ್ಟಿನ ಕಡೆ ನಡೆದರು.

ಅವರ ಮನಸ್ಸು ಬದಲಾಯಿತೆಂದು ನಾನು ಬರೆಯುವುದಿಲ್ಲ, ಬದಲಾಗಿಲ್ಲ. ನರಕ ಚತುರ್ದಶಿಯ ಬೆಳಿಗ್ಗೆ ಆರತಿ ತಟ್ಟೆಯನ್ನು ಅವರು ಸುಪ್ರಿಯಾಳ ಕೈಗೇ ಕೊಟ್ಟರು. ಸುಪ್ರಿಯಾ ಅದನ್ನು ನನ್ನ ಕೈಗೆ ಕೊಟ್ಟಳು. ಸರಸಕ್ಕ ಗೋಡೆಯ ಮೇಲಿನ ಗಡಿಯಾರ ನೋಡುತ್ತಿದ್ದರು. ನಾನು ನಿಮ್ಮಿಬ್ಬರಿಗೂ ಆರತಿ ಮಾಡಿದೆ. ಎಣ್ಣೆ ಹಚ್ಚಿಕೊಂಡು ಕೂತಿದ್ದ ನೀವು ಚಳಿಗೆ ಹಲ್ಲು ಕಡಿಯುತ್ತ, ಬೇಗ ಮುಗಿಸು ಎಂದಿರಿ.

ಆ ಕಾರಿನ ಮುಂದೆ ಹಾದು ಹೋಗುವಾಗ ನನಗೆ ಈಗಲೂ ನಾಚಿಕೆಯಾಗುತ್ತದೆ. ಕಣ್ಣು ಬೇರೆ ಕಡೆ ತಿರುಗಿಸುತ್ತೇನೆ. ಆದರೆ ಇದು ಹೆಡ್ಡತನದಿಂದ ಒಂದು ಒಳ್ಳೆಯ ವಸ್ತು ಕೆಡಿಸಿದವರಿಗೆ ಆಗುವ ನಾಚಿಕೆ, ಯಾರಿಗಾದರೂ ಆಗುವಂಥದು; ‘ಒಳಗ ಕೂಡು’ ಅನ್ನಿಸಿಕೊಂಡವಳ ನಾಚಿಕೆ ಅಲ್ಲ. ಮುಂದಿನ ಸಲ ಮನೆಗೆ ಯಾರಾದರೂ ಬಂದಾಗ ನೀವು ಆ ಕಥೆ ಶುರುಮಾಡಿ. ನಾನು ಅಡುಗೆಮನೆಗೆ ಹೋಗುವುದಿಲ್ಲ. ಇಂಥ ನಾಚಿಕೆಯನ್ನು ಇಟ್ಟುಕೊಂಡು ಎಲ್ಲರ ಜೊತೆ ಹೊರಗೆ ಕೂತುಕೊಳ್ಳಬಹುದು.